ಮಾರಿದ ಮೇಲೂ ಉಳಿಯುವ ಪರಿಗ್ರಹ

ಮನೆಯಿಂದ ಒಂದು ವಸ್ತು ಹೊರಗೆ ಹೋಯಿತೆಂದರೆ ಅದರ ಪರಿಗ್ರಹವೂ ಕಳೆಯಿತೆಂದು ನಾವು ಭಾವಿಸುತ್ತೇವೆ. ಆಚಾರ್ಯ ಉಮಾಸ್ವಾಮಿಗಳಾದರೋ ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ಮೂರ್ಛೆಯಲ್ಲಿ, ಅಂದರೆ 'ಇದು ನನ್ನದು' ಎಂಬ ಮಮತ್ವದಲ್ಲಿ ಗುರುತಿಸಿದ್ದಾರೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಬೋಧಿಸಿದ, ಸ್ವಾಧ್ಯಾಯದಲ್ಲಿ ಈ ಸೂತ್ರವನ್ನು ಅನೇಕ ಸಲ ಓದಿದ ನನಗೆ ಅದರ ಅರ್ಥ ತಿಳಿದದ್ದು ಒಂದು ಹಳೆಯ ರೇಡಿಯೊವನ್ನು ಮಾರಿದ ಮೇಲೆ.

ನಾನು ಹೇಳುತ್ತಿರುವುದು ಹಾಡು, ವಾರ್ತೆ ಕೇಳುವ ರೇಡಿಯೊದ ಮಾತಲ್ಲ. ಹವ್ಯಾಸಿ ರೇಡಿಯೊ, ಅಂದರೆ 'ಹ್ಯಾಮ್' ರೇಡಿಯೊದ ಮಾತು. ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರು ತಮ್ಮದೇ ಕರೆಸಂಕೇತದೊಂದಿಗೆ ದೇಶವಿದೇಶಗಳ ಹವ್ಯಾಸಿಗಳೊಡನೆ ಮಾತನಾಡಬಹುದು. ವ್ಯಾಪಾರಕ್ಕಾಗಿ ಮಾತ್ರ ಅದನ್ನು ಬಳಸುವಂತಿಲ್ಲ. 2004ರ ಡಿಸೆಂಬರಿನಲ್ಲಿ ಸುನಾಮಿ ಅಂಡಮಾನನ್ನು ಅಪ್ಪಳಿಸಿ ಸಂಪರ್ಕ ಕಡಿದುಹೋದಾಗ, ಹವ್ಯಾಸಿ ಪ್ರಸಾರಕ್ಕೆಂದು ಅಲ್ಲಿಗೆ ತೆರಳಿದ್ದ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರು ಇಂತಹ ಸಾಧನಗಳಿಂದಲೇ ಜನರ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ತಲುಪಿಸಿದರು.

ಈ ಹವ್ಯಾಸಿಗಳು ನಾಲ್ವರು ಸೇರಿದಲ್ಲಿ ಒಂದು ಮಾತು ಬಂದೇ ಬರುತ್ತದೆ: 'ಆ ಸೆಟ್ಟನ್ನು ನಾನು ಮಾರಬಾರದಿತ್ತು.' ಅಮೆರಿಕದ ಬೆಂಟನ್ ಹಾರ್ಬರ್‌ನಿಂದ ಬರುತ್ತಿದ್ದ ಹೀತ್‌ಕಿಟ್‌ಗಳನ್ನು ಎಷ್ಟೋ ಮಂದಿ ತಮ್ಮ ಕೈಯಾರೆ ಬೆಸುಗೆ ಹಾಕಿ ಕಟ್ಟಿಕೊಂಡಿದ್ದರು. 1992ರಲ್ಲಿ ಆ ಕಿಟ್ಟುಗಳ ತಯಾರಿಕೆ ನಿಂತಿತು. ಅಯೋವಾದ ಕಾಲಿನ್ಸ್, ಒಹಾಯೋದ ಡ್ರೇಕ್ ಹೆಸರಿನ ಹವ್ಯಾಸಿ ಸೆಟ್ಟುಗಳೂ ಇಂದು ಹಳೆಯ ಸಾಮಾನಿನ ಕೊಡುಕೊಳ್ಳುವಿಕೆಯಲ್ಲಷ್ಟೇ ದೊರೆಯುತ್ತವೆ. ಅಂಗಡಿಯಲ್ಲಿ ಮತ್ತೆ ಸಿಗುವ ವಸ್ತುವನ್ನು ಮಾರಿದರೆ ಮನಸ್ಸು ಬೇಗ ಮರೆಯುತ್ತದೆ. ಇನ್ನು ಮುಂದೆ ಯಾರೂ ತಯಾರಿಸದ ವಸ್ತುವನ್ನು ಮಾರಿದರೆ ಪಶ್ಚಾತ್ತಾಪಕ್ಕೆ ಕೊನೆಯಿಲ್ಲ. ಪರ್ಯಾಯಗಳು ಹುಟ್ಟುತ್ತವೆ, ಅಳಿಯುತ್ತವೆ ಎಂಬುದು ನಮಗೆ ಬಾಯಿಪಾಠ. ಆದರೆ ನಮ್ಮ ಕಣ್ಣೆದುರಿನ ಪರ್ಯಾಯ ಅಳಿದಾಗ ಆ ಪಾಠ ನೆನಪಿಗೆ ಬರುವುದಿಲ್ಲ.

ನನ್ನದು ಜಪಾನಿನ ಕೆನ್‌ವುಡ್ ಟಿಎಸ್-520. 1970ರ ದಶಕದ ಈ ಸೆಟ್ಟಿನಲ್ಲಿ ಬಹುಭಾಗ ಟ್ರಾನ್ಸಿಸ್ಟರುಗಳು; ಪ್ರಸಾರದ ಕೊನೆಯ ಹಂತಗಳಲ್ಲಿ ಮಾತ್ರ ವಾಲ್ವುಗಳು. ಹಿರಿಯ ಹವ್ಯಾಸಿಯೊಬ್ಬರಿಂದ ಅದನ್ನು ಕೊಂಡಿದ್ದೆ. ಇಂದಿನ ಸೆಟ್ಟುಗಳಂತೆ ಗುಂಡಿ ಒತ್ತಿದೊಡನೆ ಅದರಲ್ಲಿ ಮಾತನಾಡಲಾಗದು. ವಾಲ್ವುಗಳು ಬಿಸಿಯೇರುವವರೆಗೆ ಕಾಯಬೇಕು; ಬಳಿಕ 'ಪ್ಲೇಟ್', 'ಲೋಡ್' ಎಂಬ ಎರಡು ತಿರುಗುಗುಂಡಿಗಳನ್ನು ಕೆಲವೇ ಕ್ಷಣಗಳಲ್ಲಿ ಹೊಂದಿಸಬೇಕು. ತಡಮಾಡಿದರೆ ವಾಲ್ವುಗಳು ಮಿತಿಮೀರಿ ಕಾದು ಕೆಡುತ್ತವೆ. ಬೆಳಗಿನ ಸಾಮಾಯಿಕ ಮುಗಿಸಿ, 40 ಮೀಟರ್ ತರಂಗಾಂತರದಲ್ಲಿ ದೂರದೂರುಗಳ ಗೆಳೆಯರ ದನಿ ಕೇಳುವುದು ನನ್ನ ಬಹುಕಾಲದ ರೂಢಿಯಾಗಿತ್ತು.

ನಿವೃತ್ತಿಯ ನಂತರ ಚಿಕ್ಕ ಮನೆಗೆ ಬಂದೆವು. ಆಂಟೆನಾ ಕಟ್ಟಲು ಅಲ್ಲಿ ಜಾಗವಿರಲಿಲ್ಲ. ಆ ವರ್ಷದ ದಶಲಕ್ಷಣ ಪರ್ವದಲ್ಲಿ ಮುನಿಮಹಾರಾಜರ ಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣ ವ್ರತ ಸ್ವೀಕರಿಸಿದೆ. ಸೆಟ್ಟನ್ನು ಪರವಾನಗಿ ಹೊಂದಿದ್ದ ಒಬ್ಬ ತರುಣನಿಗೆ ಮಾರಿ, ಬಂದ ಹಣದಲ್ಲಿ ಒಂದು ಪಾಲನ್ನು ಬಸದಿಯ ಆಹಾರದಾನಕ್ಕೆ ಒಪ್ಪಿಸಿದೆ. ಬಂಧುಗಳು ಹೊಗಳಿದರು. ನಾನೂ ಅದನ್ನು ತ್ಯಾಗವೆಂದೇ ಎಣಿಸಿದೆ.

ಆರು ತಿಂಗಳು ಕಳೆಯುವಷ್ಟರಲ್ಲಿ ನನ್ನ ತ್ಯಾಗದ ಬಣ್ಣ ಬಯಲಾಯಿತು. ಅದೇ ಮಾದರಿಯ ಸೆಟ್ಟು ಎಲ್ಲಿ, ಎಷ್ಟು ಬೆಲೆಗೆ ಮಾರಾಟವಾಯಿತೆಂದು ಗೆಳೆಯರನ್ನು ಕೇಳತೊಡಗಿದೆ. ನಾನು ಪಡೆದದ್ದಕ್ಕಿಂತ ಹೆಚ್ಚು ಬೆಲೆ ಕೇಳಿದ ದಿನ ಊಟ ರುಚಿಸಲಿಲ್ಲ. ಸಾಮಾಯಿಕಕ್ಕೆ ಕುಳಿತರೆ ಕಣ್ಣೊಳಗೆ ಆ ಸೆಟ್ಟಿನ ದೀಪದ ಬೆಳಕು ಮೂಡುತ್ತಿತ್ತು. ಸೆಟ್ಟು ಮೇಜಿನ ಮೇಲಿದ್ದಾಗ ದಿನಕ್ಕೆ ಒಂದು ಗಂಟೆ ಮಾತ್ರ ನನ್ನ ಮನಸ್ಸನ್ನು ಹಿಡಿದಿತ್ತು. ಹೋದ ಮೇಲೆ ಇಡೀ ದಿನ ಹಿಡಿಯಿತು.

ನಮ್ಮ ಆಚಾರ್ಯರು ಈ ರೋಗಕ್ಕೆ ಹೆಸರಿಟ್ಟಿದ್ದಾರೆ. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಇಷ್ಟವಿಯೋಗವೂ ಒಂದು. ಪ್ರಿಯವಾದದ್ದು ಅಗಲಿದಾಗ ಅದು ಮರಳಿ ಬರಲೆಂದು ಮತ್ತೆ ಮತ್ತೆ ಚಿಂತಿಸುವುದು ಅದರ ಲಕ್ಷಣ. ಇನ್ನೂ ಸೂಕ್ಷ್ಮವಾದ ಮಾತೊಂದಿದೆ. ಹೊಲ, ಮನೆ, ಧನ, ಧಾನ್ಯ ಮೊದಲಾದ ಬಾಹ್ಯ ಪರಿಗ್ರಹಗಳು ಹತ್ತು. ಅಂತರಂಗ ಪರಿಗ್ರಹಗಳು ಹದಿನಾಲ್ಕು. ಆ ಹದಿನಾಲ್ಕರಲ್ಲಿ ಲೋಭದ ಜೊತೆಗೆ ಶೋಕವೂ ಸೇರಿದೆ. ಅಂದರೆ ಕಳೆದ ವಸ್ತುವಿಗಾಗಿ ಪಡುವ ದುಃಖವೂ ಒಂದು ಆಸ್ತಿಯೇ. ಹೊರಗಿನ ಪಟ್ಟಿಯಿಂದ ಒಂದು ವಸ್ತುವನ್ನು ಅಳಿಸಿ, ಒಳಗಿನ ಪಟ್ಟಿಗೆ ಇನ್ನೊಂದನ್ನು ನಾನು ಸೇರಿಸಿಕೊಂಡಿದ್ದೆ. ವ್ರತದ ಲೆಕ್ಕ ಸರಿಯಾಗಿತ್ತು. ಆತ್ಮದ ಲೆಕ್ಕ ತಪ್ಪಿತ್ತು.

ಕೊನೆಗೊಂದು ದಿನ ನಾಚಿಕೆ ಬಿಟ್ಟು ಆ ತರುಣನಿಗೆ ಫೋನ್ ಮಾಡಿದೆ. ಸೆಟ್ಟನ್ನು ಮರಳಿ ಕೊಡುವಿರಾ, ಹೆಚ್ಚಿನ ಬೆಲೆ ಕೊಡುತ್ತೇನೆ ಎಂದೆ. ಆತ ಕ್ಷಣಕಾಲ ಮೌನವಾಗಿದ್ದು, "ಮೇಷ್ಟ್ರೇ, ನಿಮಗೆ ಬೇಕೇಬೇಕು ಎಂದರೆ ಕೊಡುತ್ತೇನೆ. ಆದರೆ ಈಗ ಅದು ಮಾತನಾಡುತ್ತಿಲ್ಲ. ಹೊಂದಿಸುವ ಕ್ರಮ ನನಗೆ ಸರಿಯಾಗಿ ಗೊತ್ತಿರಲಿಲ್ಲ, ವಾಲ್ವುಗಳು ಹೋದವು. ಮೂರು ತಿಂಗಳಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ" ಎಂದರು.

ನನ್ನ ಬಾಯಿ ಕಟ್ಟಿತು. ಏಕೆಂದರೆ ಆ ಸೆಟ್ಟಿಗೆ ಹೊಂದುವ ಹೊಸ ವಾಲ್ವುಗಳ ಒಂದು ಜೊತೆ ನನ್ನ ಬೀರುವಿನಲ್ಲಿತ್ತು. ಹೊಂದಿಸುವ ಕ್ರಮವನ್ನು, ವಾಲ್ವು ಬದಲಿಸಿದಾಗ ಮಾಡಬೇಕಾದ ತಿದ್ದುಪಡಿಗಳನ್ನು ನಾನೇ ಬರೆದಿಟ್ಟ ನೋಟುಪುಸ್ತಕವೂ ಅಲ್ಲಿಯೇ ಇತ್ತು. ಮಾರುವ ದಿನ ಅವೆರಡನ್ನೂ ಕೊಡಬೇಕೆಂದು ತೆಗೆದಿದ್ದೆ; ಮತ್ತೆ ಒಳಗಿಟ್ಟಿದ್ದೆ. 'ನೆನಪಿಗೆ ಇರಲಿ' ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ನೆನಪಿಗಾಗಿ ಇರಲಿಲ್ಲ. ಎಂದಾದರೂ ಸೆಟ್ಟು ಮರಳಿ ಬಂದೀತೆಂಬ ಆಸೆ ಅದರ ಹಿಂದೆ ಅಡಗಿತ್ತು. ಲೋಭಕ್ಕೆ ಮಾಯೆ ಬಟ್ಟೆ ತೊಡಿಸಿತ್ತು. ಮೂವತ್ತು ವರ್ಷ ಕಲಿಸಿದ ಮೇಷ್ಟ್ರು, ಕಲಿಯಬಂದ ಒಬ್ಬ ತರುಣನಿಗೆ ಹೇಳಿಕೊಡಬೇಕಾದದ್ದನ್ನು ಹೇಳಿಕೊಡದೆ ಕಳುಹಿಸಿದ್ದೆ.

ಮರುದಿನವೇ ವಾಲ್ವುಗಳನ್ನು ಹತ್ತಿಯಲ್ಲಿ ಸುತ್ತಿ, ನೋಟುಪುಸ್ತಕವನ್ನೂ ಸೇರಿಸಿ ಕಳುಹಿಸಿದೆ. ಹಣ ಬೇಡವೆಂದೆ, ಮುಚ್ಚಿಟ್ಟ ಸಂಗತಿಯನ್ನು ಹೇಳಿ ಕ್ಷಮೆ ಕೇಳಿದೆ. ವಾಲ್ವುಗಳನ್ನು ಕೂಡಿಸಿ ಹೊಂದಿಸುವ ಕ್ರಮವನ್ನು ಫೋನಿನಲ್ಲಿ ಎರಡು ಸಂಜೆ ಹೇಳಿಕೊಟ್ಟೆ. ಸೆಟ್ಟು ಮತ್ತೆ ಮಾತನಾಡಿತು. ಅದನ್ನು ಮರಳಿ ಕೇಳುವ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ದಶಲಕ್ಷಣ ಪರ್ವದಲ್ಲಿ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ತ್ಯಾಗದ ಬೆನ್ನಿಗೇ ಮತ್ತೊಂದು ದಿನ ಏಕೆ ಬೇಕೆಂದು ಬಾಲ್ಯದಲ್ಲಿ ಕೇಳುತ್ತಿದ್ದೆ. ತ್ಯಾಗದಲ್ಲಿ ವಸ್ತು ಕೈಬಿಡುತ್ತದೆ. 'ನನ್ನದೇನೂ ಇಲ್ಲ' ಎಂಬ ಆಕಿಂಚನ್ಯದಲ್ಲಿ ಮಮತ್ವ ಕೈಬಿಡುತ್ತದೆ. ಎಂಟನೆಯ ದಿನಕ್ಕೇ ನಿಂತವನಿಗೆ ಪಶ್ಚಾತ್ತಾಪ ತಪ್ಪಿದ್ದಲ್ಲ. ಗೆದ್ದ ರಾಜ್ಯವನ್ನೇ ಬಿಟ್ಟು ನಿಂತ ಬಾಹುಬಲಿಯ ಎದೆಯಲ್ಲಿಯೂ ಒಂದು ಸೂಕ್ಷ್ಮ ಶಲ್ಯ ಉಳಿದಿತ್ತೆಂದು, ಅದು ಕಳೆದಾಗಲೇ ಕೇವಲಜ್ಞಾನ ಉದಯಿಸಿತೆಂದು ನಮ್ಮ ಪುರಾಣಪರಂಪರೆ ಹೇಳುತ್ತದೆ. ಹಾಗಿರುವಾಗ ಬೀರುವಿನಲ್ಲಿ ಎರಡು ವಾಲ್ವು ಬಚ್ಚಿಟ್ಟ ಗೃಹಸ್ಥನ ಪಾಡೇನು?

ಹಾಗೆಂದು ಹಳೆಯ ವಸ್ತುಗಳನ್ನು ಜೋಪಾನ ಮಾಡುವವರನ್ನು ನಾನು ದೂಷಿಸುವುದಿಲ್ಲ. ತಯಾರಿಕೆ ನಿಂತ ಸೆಟ್ಟನ್ನು ರಿಪೇರಿ ಮಾಡಿ, ಬಳಸಿ, ಕಿರಿಯರಿಗೆ ಕಲಿಸುವವರು ಉಪಕಾರವನ್ನೇ ಮಾಡುತ್ತಿದ್ದಾರೆ. ಶ್ರಾವಕನಿಗೆ ವಸ್ತುಗಳೇ ಇರಬಾರದೆಂದು ಧರ್ಮ ವಿಧಿಸಿಲ್ಲ, ಮಿತಿಯನ್ನು ವಿಧಿಸಿದೆ. ಉಪಯೋಗಕ್ಕೆ ಇಟ್ಟುಕೊಳ್ಳುವುದಾದರೆ ನೆಮ್ಮದಿಯಿಂದ ಇಟ್ಟುಕೊಳ್ಳೋಣ. ಕೊಡುವುದಾದರೆ ಅದರ ಬಿಡಿಭಾಗ, ಅದರ ವಿದ್ಯೆ ಎಲ್ಲವನ್ನೂ ಕೊಡೋಣ. ಅರ್ಧ ಕೊಟ್ಟು ಅರ್ಧ ಹಿಡಿದುಕೊಂಡರೆ ಕೊಂಡವನಿಗೂ ಸುಖವಿಲ್ಲ, ಕೊಟ್ಟವನಿಗೂ ಇಲ್ಲ.

ಆ ಸೆಟ್ಟಿನ ನೆನಪು ನನಗೆ ಈಗಲೂ ಬರುತ್ತದೆ. ಸುಳ್ಳೇಕೆ ಹೇಳಲಿ, ಕೆಲವು ಬೆಳಗುಗಳಲ್ಲಿ ತುಸು ನೋವೂ ಆಗುತ್ತದೆ. ಆದರೆ ಬೆಲೆ ವಿಚಾರಿಸುವುದನ್ನು ಬಿಟ್ಟಿದ್ದೇನೆ. ಮುಂದಿನ ಪರ್ವದ ಹೊತ್ತಿಗೆ ಓದುಗರೂ ಒಮ್ಮೆ ತಮ್ಮ ಬೀರುವನ್ನು ತೆರೆದು ನೋಡಲಿ. ಎಂದೋ ಕೊಟ್ಟೆವೆಂದು ತಿಳಿದ ವಸ್ತುವಿನ ಒಂದು ಪಾಲು ಅಲ್ಲಿಯೇ ಉಳಿದಿರಬಹುದು.