ಕೇಬಲ್ ಮುಟ್ಟಲಿಲ್ಲ ಎಂಬುದು ಉತ್ತರವಲ್ಲ

ಸ್ವಿಚ್‌ಗಳಲ್ಲಿ ವಿಲ್ಯಾನ್ ಬದಲಿಸುವ ಮೊದಲೂ ಬದಲಿಸಿದ ಮೇಲೂ ಸ್ಪ್ಯಾನಿಂಗ್ ಟ್ರೀ ನೋಡಲೇಬೇಕು, ನೋಡದೆ ರ‍್ಯಾಕಿನ ಬಾಗಿಲು ಹಾಕಬಾರದು ಎಂಬುದು ನನ್ನ ವಾದ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳ ಆಫೀಸು, ನರ್ಸಿಂಗ್ ಹೋಮ್, ಕೋಚಿಂಗ್ ಸೆಂಟರ್, ಪಿಜಿಗಳ ನೆಟ್‌ವರ್ಕ್ ನೋಡಿಕೊಳ್ಳುವ ಗೆಳೆಯರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಅವರ ಆಕ್ಷೇಪಗಳು ದಿನನಿತ್ಯದ ಕೆಲಸದಿಂದಲೇ ಹುಟ್ಟಿದವು. ಹಾಗಾಗಿ ಒಂದೊಂದಕ್ಕೂ ಉತ್ತರ ಕೊಡುವುದು ನನ್ನ ಹೊಣೆ.

ಮೊದಲ ಆಕ್ಷೇಪ: "ಲೂಪ್ ಆಗೋದು ಕೇಬಲ್‌ನಿಂದ. ನಾನು ಕೇಬಲ್ ಮುಟ್ಟೇ ಇಲ್ಲ, ಪೋರ್ಟಿನ ವಿಲ್ಯಾನ್ ನಂಬರ್ ಬದಲಿಸಿದೆ ಅಷ್ಟೆ."

ನಮ್ಮ ಕಡೆಯ ಕಟ್ಟಡಗಳನ್ನೇ ನೋಡಿ. ವಾಸಕ್ಕೆಂದು ಕಟ್ಟಿದ ಮನೆ ಈಗ ಮೂರಂತಸ್ತಿನ ಆಫೀಸಾಗಿದೆ. ಡೇಟಾಗೆಂದು ಒಬ್ಬರು ಕೇಬಲ್ ಎಳೆದರು, ಆಮೇಲೆ ಬಂದ ಸಿಸಿಟಿವಿಯವರು ತಮ್ಮದೇ ಇನ್ನೊಂದು ಎಳೆದರು. ಎರಡೂ ಕೆಳಗಿನ ಸ್ವಿಚ್‌ನಿಂದ ಮೇಲಿನ ಅದೇ ಸ್ವಿಚ್‌ಗೆ ಹೋಗುತ್ತವೆ. ಒಂದು ವಿಲ್ಯಾನ್ 10ರಲ್ಲಿ, ಇನ್ನೊಂದು 20ರಲ್ಲಿ. ಹೀಗಿರುವ ತನಕ ಲೂಪ್ ಇಲ್ಲ. ಎರಡನೇ ಕೇಬಲ್ಲಿನ ಎರಡೂ ತುದಿಗಳನ್ನು ಯಾರಾದರೂ 10ಕ್ಕೆ ತಂದರೆ ಅದೇ ಕ್ಷಣ ಲೂಪ್ ಸಿದ್ಧ. ಕೇಬಲ್ ಮಾತ್ರ ಇದ್ದಲ್ಲೇ ಇದೆ. ಸ್ಪ್ಯಾನಿಂಗ್ ಟ್ರೀ ಚಾಲೂ ಇದ್ದರೆ ಒಂದು ಪೋರ್ಟನ್ನು ತಡೆದು ಉಳಿಸುತ್ತದೆ. ಇಲ್ಲವಾದರೆ ಬ್ರಾಡ್‌ಕಾಸ್ಟ್ ಫ್ರೇಮುಗಳು ಸುತ್ತುತ್ತಲೇ ಇರುತ್ತವೆ. ಐಪಿ ಪ್ಯಾಕೆಟ್‌ಗಾದರೆ ಇಷ್ಟು ರೂಟರ್ ದಾಟಿದ ಮೇಲೆ ಸಾಯಬೇಕೆಂಬ ಲೆಕ್ಕವಿದೆ, ಈಥರ್ನೆಟ್ ಫ್ರೇಮಿಗೆ ಅಂಥದ್ದಿಲ್ಲ. ಕೆಲವೇ ಕ್ಷಣಗಳಲ್ಲಿ ಇಡೀ ಕಟ್ಟಡದ ನೆಟ್‌ವರ್ಕ್ ನಿಲ್ಲುತ್ತದೆ.

ಇಲ್ಲಿಂದಲೇ ಎರಡನೇ ಆಕ್ಷೇಪ: "ಸ್ಪ್ಯಾನಿಂಗ್ ಟ್ರೀ ಆನ್ ಮಾಡಿದ್ರೆ ಕ್ಯಾಮೆರಾ ಹೋಗುತ್ತೆ. ಅದಕ್ಕೇ ಆಫ್ ಮಾಡಿಟ್ಟಿದ್ದೀವಿ."

ಕ್ಯಾಮೆರಾ ಹೋಗುವುದು ನಿಜ. ಆದರೆ ಅದಕ್ಕೆ ಕಾರಣ ನಾವು ಜೋಡಿಸಿದ ರೀತಿ. ಅಗ್ಗದ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲ ವಿಲ್ಯಾನ್‌ಗಳಿಗೂ ಸೇರಿ ಒಂದೇ ಟ್ರೀ. ಅದಕ್ಕೆ ಎರಡು ಕೇಬಲ್ ಕಾಣುತ್ತವೆಯೇ ಹೊರತು ಯಾವುದರಲ್ಲಿ ಯಾವ ವಿಲ್ಯಾನ್ ಇದೆ ಎಂಬುದು ಕಾಣುವುದಿಲ್ಲ. ಒಂದನ್ನು ತಡೆಯುತ್ತದೆ, ಅದರಲ್ಲಿದ್ದ ಕ್ಯಾಮೆರಾಗಳು ಕತ್ತಲಾಗುತ್ತವೆ. ಟ್ರಂಕ್‌ಗಳಲ್ಲೂ ಇದೇ ತೊಂದರೆ: ತೆರೆದಿರುವ ಟ್ರಂಕಿನಿಂದ ವಿಲ್ಯಾನ್ 20 ತೆಗೆದರೆ, ತಡೆಹಿಡಿದ ಇನ್ನೊಂದು ಟ್ರಂಕ್ ತಾನಾಗಿ ತೆರೆದುಕೊಳ್ಳುವುದಿಲ್ಲ. ಪರಿಹಾರ ಸರಳ. ಎರಡೂ ಕೇಬಲ್‌ಗಳನ್ನು ಟ್ರಂಕ್ ಮಾಡಿ, ಎರಡರಲ್ಲೂ ಎಲ್ಲ ವಿಲ್ಯಾನ್ ಬಿಡಿ. ಆಗ ಯಾವುದು ತಡೆದರೂ ಕ್ಯಾಮೆರಾಗೆ ದಾರಿ ಇರುತ್ತದೆ. ರಕ್ಷಣೆಯನ್ನೇ ಕಿತ್ತುಹಾಕಿ ಅದನ್ನು ದುರಸ್ತಿ ಎಂದು ಬಿಲ್ಲಿನಲ್ಲಿ ಬರೆಯುವುದನ್ನು ನಾನು ಒಪ್ಪಲಾರೆ.

"ಈಗಿನ ಸ್ವಿಚ್‌ಗಳು ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತವೆ" ಎಂಬುದು ಮೂರನೆಯದು. ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ವಿಧಾನದಲ್ಲಿ ದಾರಿ ಬದಲಾಗಲು 30ರಿಂದ 50 ಸೆಕೆಂಡ್ ಬೇಕಿತ್ತು. 2001ರ ರ‍್ಯಾಪಿಡ್ ಆವೃತ್ತಿ ಅದನ್ನು ಬಹಳ ಇಳಿಸಿತು, ಒಪ್ಪುತ್ತೇನೆ. ಆದರೆ ವೇಗವಾಗಿ ತೀರ್ಮಾನಿಸಿದ ಮಾತ್ರಕ್ಕೆ ಆ ತೀರ್ಮಾನ ನಮಗೆ ಬೇಕಾದದ್ದೇ ಆಗಿರಬೇಕಿಲ್ಲ. ಪ್ರಯಾರಿಟಿ ಹೇಳದಿದ್ದರೆ ಎಲ್ಲ ಸ್ವಿಚ್‌ಗಳದ್ದೂ 32768; ಸಮಬಲವಾದಾಗ ಕಡಿಮೆ ಮ್ಯಾಕ್ ವಿಳಾಸದ್ದೇ ರೂಟ್. ಒಂದೇ ಕಂಪನಿಯ ಸ್ವಿಚ್‌ಗಳಲ್ಲಿ ಕಡಿಮೆ ವಿಳಾಸ ಹೆಚ್ಚಾಗಿ ಹಳೆಯದಕ್ಕೇ ಇರುತ್ತದೆ. ಎಸ್‌.ಪಿ. ರಸ್ತೆಯಿಂದ ತಂದ ಸೆಕೆಂಡ್‌ಹ್ಯಾಂಡ್ ಸ್ವಿಚ್ ಇಡೀ ಆಫೀಸಿನ ರೂಟ್ ಆಗುವುದು ಹೀಗೆ.

ವಿಲ್ಯಾನ್‌ಗೊಂದು ಟ್ರೀ ನಡೆಸುವ ಸಿಸ್ಕೋ ಸ್ವಿಚ್‌ಗಳಲ್ಲಿ ಇನ್ನೂ ಎಚ್ಚರ ಬೇಕು. ಕೋರ್ ಸ್ವಿಚ್‌ನಲ್ಲಿ 10 ಮತ್ತು 20ಕ್ಕೆ ನೀವು ಪ್ರಯಾರಿಟಿ ಕೊಟ್ಟಿದ್ದೀರಿ. ಇಂದು 30 ಸೇರಿಸಿದಿರಿ. ಆ ಪ್ರಯಾರಿಟಿ 30ಕ್ಕೆ ಅನ್ವಯಿಸುವುದಿಲ್ಲ; ಅದರ ಚುನಾವಣೆ ಎಲ್ಲ ಸ್ವಿಚ್‌ಗಳಲ್ಲೂ 32798ರಿಂದ ಶುರು, ಗೆಲ್ಲುವುದು ಮತ್ತೆ ಹಳೆಯದೇ. ಸಿಸ್ಕೋ 2960ಯಂಥ ಮಾದರಿಗಳಲ್ಲಿ 128 ಟ್ರೀಗಳಿಗಷ್ಟೇ ಜಾಗ, ಅದರಾಚೆಯ ವಿಲ್ಯಾನ್‌ಗೆ ರಕ್ಷಣೆಯೇ ಇಲ್ಲ. ಮಲ್ಟಿಪಲ್ ಸ್ಪ್ಯಾನಿಂಗ್ ಟ್ರೀ ಬಳಸುವವರು ವಿಲ್ಯಾನ್ ಹಂಚಿಕೆಯನ್ನು ಒಂದೇ ಸ್ವಿಚ್‌ನಲ್ಲಿ ಬದಲಿಸಿದರೆ ಆ ಸ್ವಿಚ್ ಬೇರೆ ರೀಜನ್‌ಗೆ ಸೇರಿಬಿಡುತ್ತದೆ.

ಇನ್ನು "ನಮ್ಮದು ಸಣ್ಣ ಜಾಗ" ಎಂಬ ಮಾತು. ಒಂದೇ ಸ್ವಿಚ್ ಇದ್ದು ಎರಡನೇ ದಾರಿಯೇ ಇಲ್ಲದಿದ್ದರೆ ನೋಡುವುದು ಕಡಿಮೆ, ನಿಜ. ಆದರೂ ಪಿಜಿ ಕೋಣೆಯಲ್ಲಿ ಒಂದೇ ಪ್ಯಾಚ್ ಕೇಬಲ್ಲಿನ ಎರಡು ತುದಿಗಳನ್ನು ಗೋಡೆಯ ಎರಡು ಸಾಕೆಟ್‌ಗೆ ಚುಚ್ಚಲು ಒಬ್ಬರು ಸಾಕು. ದೊಡ್ಡವರೂ ಇದರಿಂದ ಪಾರಾಗಿಲ್ಲ. 2002ರ ನವೆಂಬರ್‌ನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ನೆಟ್‌ವರ್ಕ್ ಸ್ಪ್ಯಾನಿಂಗ್ ಟ್ರೀ ತೊಂದರೆಯಿಂದಲೇ ದಿನಗಟ್ಟಲೆ ಕುಸಿದಿತ್ತು. ವೈದ್ಯರೂ ದಾದಿಯರೂ ಕಾಗದ, ಪೆನ್ನು ಹಿಡಿದು ಕೆಲಸ ಮಾಡಿದರು. ನಮ್ಮ ನರ್ಸಿಂಗ್ ಹೋಮ್‌ಗಳ ಲ್ಯಾಬ್ ರಿಪೋರ್ಟು, ಬಿಲ್ಲಿಂಗು ಓಡುವುದೂ ಇದೇ ಬಗೆಯ ಸ್ವಿಚ್‌ಗಳ ಮೇಲೆ.

ಕೊನೆಯದು ಸಮಯ. ಕಸ್ಟಮರ್ ತಲೆಯ ಮೇಲೆ ನಿಂತಿರುತ್ತಾರೆ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮುಂದಿನ ಸೈಟಿಗೆ ಹೋಗಬೇಕು, ಗೊತ್ತು. ನೋಡಬೇಕಾದದ್ದು ಕೆಲವೇ: ಆ ವಿಲ್ಯಾನ್‌ಗೆ ರೂಟ್ ಯಾವುದು, ತಡೆಹಿಡಿದ ಪೋರ್ಟ್ ಯಾವುದು, ಟ್ರಂಕಿನಲ್ಲಿ ಯಾವ್ಯಾವ ವಿಲ್ಯಾನ್‌ಗೆ ಅನುಮತಿ ಇದೆ, ಟೋಪಾಲಜಿ ಚೇಂಜ್ ಎಣಿಕೆ ಏರುತ್ತಿದೆಯೇ. ಮೊದಲಿನದನ್ನು ನೋಟ್‌ಪ್ಯಾಡಿಗೆ ಅಂಟಿಸಿಟ್ಟು ಆಮೇಲಿನದರ ಪಕ್ಕ ಇಡಿ, ಕೆಲವೇ ನಿಮಿಷದ ಕೆಲಸ. ಸಿಸ್ಕೋ ಟ್ರಂಕಿನ ಅನುಮತಿ ಪಟ್ಟಿಗೆ 30 ಸೇರಿಸುವಾಗ 'ಆ್ಯಡ್' ಪದ ಬಿಟ್ಟುಹೋದರೆ ಹಳೆಯ ಪಟ್ಟಿಯೆಲ್ಲ ಅಳಿದು 30 ಒಂದೇ ಉಳಿಯುತ್ತದೆ. ಅದೂ ಇದೇ ಹೋಲಿಕೆಯಲ್ಲಿ ಸಿಕ್ಕಿಬೀಳುತ್ತದೆ.

ದಕ್ಷಿಣ ಬೆಂಗಳೂರಿನಲ್ಲಿ ಎಎಂಸಿ ಹಿಡಿದಿರುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ವಿಸಿಟ್‌ನಲ್ಲಿ ಕೋರ್ ಸ್ವಿಚ್‌ಗೆ ಎಲ್ಲ ವಿಲ್ಯಾನ್‌ಗಳಿಗೂ 4096 ಪ್ರಯಾರಿಟಿ ಕೊಡಿ, ಬಳಕೆದಾರರ ಪೋರ್ಟುಗಳಿಗೆ ಬಿಪಿಡಿಯು ಗಾರ್ಡ್ ಹಾಕಿ. ರೂಟ್ ಯಾವುದು, ತಡೆದ ಪೋರ್ಟ್ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದು ರ‍್ಯಾಕಿನ ಬಾಗಿಲ ಒಳಗೆ ಅಂಟಿಸಿ. ನಿಮ್ಮ ನಂತರ ಬರುವ ಹುಡುಗನಿಗೆ ಅದು ಬೇಕಾಗುತ್ತದೆ.