ಅಂಗಳದ ಚುಕ್ಕಿಗಳು

ಕಲೆಯ ದರ್ಶನಕ್ಕೆ ಅರಮನೆ, ವಸ್ತುಸಂಗ್ರಹಾಲಯಗಳನ್ನೇ ಅರಸಿ ಹೋಗಬೇಕೆಂದು ಹಲವರು ತಿಳಿಯುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಗಳಲ್ಲಿ ಮುಂಜಾನೆ ನಡೆದವರಿಗೆ ಅದು ಅಂಗಳದ ರಂಗೋಲಿಯಲ್ಲಿಯೇ ದೊರೆಯುತ್ತದೆ.

ಸಾರಿಸಿದ ನೆಲದ ನಡುವೆ ಏಳು ಚುಕ್ಕಿಗಳ ಒಂದು ಸಾಲು. ಅದರ ಎರಡು ಬದಿಗೂ ಒಂದೊಂದೇ ಚುಕ್ಕಿ ಕಡಿಮೆಯಾಗುತ್ತ ನಾಲ್ಕಕ್ಕೆ ಇಳಿಯುವ ಸಾಲುಗಳು. ಒಟ್ಟು 37 ಚುಕ್ಕಿಗಳು. ಇವನ್ನೇ ಒಬ್ಬಳು ಕೂಡಿಸಿದರೆ ತಾವರೆ ಅರಳುತ್ತದೆ, ಇನ್ನೊಬ್ಬಳು ಕೂಡಿಸಿದರೆ ನಕ್ಷತ್ರ ಮೂಡುತ್ತದೆ. ತಪ್ಪಿದ ಗೆರೆಯನ್ನು ಬಳ್ಳಿಯಾಗಿ ತಿರುಗಿಸುವ ಜಾಣ್ಮೆಯಿಂದ ಹೊಸ ವಿನ್ಯಾಸವೇ ಹುಟ್ಟುವುದುಂಟು. ಈ ಕಲೆಯೊಳಗಿನ ಕ್ರಮ ವಿದ್ವಾಂಸರನ್ನೂ ಸೆಳೆದಿದೆ. ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಅವರು ತಮಿಳುನಾಡಿನ ಕೋಲವನ್ನು ಗಣಿತದ ನಿಯಮಗಳಿಂದ ವಿವರಿಸಿ 1974ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು.

ಇಂದು ಅಚ್ಚಾದ ಅಂಟುಚಿತ್ರಗಳು ಹೊಸ್ತಿಲಿಗೆ ಬಂದಿವೆ. ಬಿಡುವಿಲ್ಲದವರಿಗೆ ಅವು ಅನುಕೂಲವೇ ಸರಿ. ಆದರೆ ಅಲ್ಲಿ ನಿನ್ನೆ ಕಂಡದ್ದೇ ಇಂದೂ ಕಾಣುತ್ತದೆ. ರಂಗೋಲಿಯಾದರೋ ಸಂಜೆಯೊಳಗೆ ಅಳಿಯುತ್ತದೆ. ಅಳಿಯುವುದರಿಂದಲೇ ಮರುದಿನ ಹೊಸದೊಂದಕ್ಕೆ ಎಡೆಯಾಗುತ್ತದೆ. ಹೆಣ್ಣುಮಕ್ಕಳ ಕೆಲಸವೆಂದು ದೂರ ಸರಿಯದೆ ಹುಡುಗರೂ ಚುಕ್ಕಿಯಿಡಲು ಕುಳಿತುಕೊಳ್ಳಬೇಕು. ಕೊಂಡು ತಂದ ಚಿತ್ರ ಮನೆಯನ್ನು ಅಲಂಕರಿಸಬಹುದು; ತಾನೇ ಕಂಡುಕೊಂಡ ಗೆರೆಯ ಸಂತೋಷವನ್ನು ಅದು ಕೊಡಲಾರದು.