ಕೆಮ್ಮಿನ ಔಷಧ: ಕಂಪನಿಯ ಹೊಣೆ ಎಲ್ಲಿಯವರೆಗೆ?

ಸುಳ್ಳದ ನನ್ನ ದವಾಖಾನೆಗೆ ಚಳಿಗಾಲದಲ್ಲಿ ಬರುವ ತಾಯಂದಿರು ಕೈಚೀಲದಿಂದ ಸಿರಪ್ ಬಾಟಲಿ ತೆಗೆದು, ‘ಇದನ್ನ ಕುಡಿಸಬಹುದೇನ್ರಿ?’ ಎಂದು ಕೇಳುವುದುಂಟು. ಮೊದಲೆಲ್ಲ ಅವಧಿ ಮುಗಿದಿಲ್ಲವೆಂದು ನೋಡಿ ಹೂಂ ಎನ್ನುತ್ತಿದ್ದೆ. ಈಗ ನಾಲಿಗೆ ತಡೆಯುತ್ತದೆ. ಬಾಟಲಿಯೊಳಗೆ ನಿಜಕ್ಕೂ ಏನಿದೆಯೆಂದು ತಿಳಿಯುವ ಸಾಧನ ನನ್ನಲ್ಲಿಲ್ಲ.

ಪಶ್ಚಿಮ ಆಫ್ರಿಕಾದ ಪುಟ್ಟ ಬಡ ದೇಶ ಗ್ಯಾಂಬಿಯಾದ ವೈದ್ಯರ ಸ್ಥಿತಿಯೂ ಇದೇ ಆಗಿತ್ತು. 2022ರಲ್ಲಿ ಅಲ್ಲಿ ಎಳೆಯ ಮಕ್ಕಳು ಮೂತ್ರ ಕಟ್ಟಿ, ಮೂತ್ರಪಿಂಡ ಕೆಟ್ಟು ಸಾಯತೊಡಗಿದರು. ಸುಮಾರು 70 ಮಕ್ಕಳು ತೀರಿಕೊಂಡರು. ಔಷಧ ಪರೀಕ್ಷಿಸುವ ಪ್ರಯೋಗಾಲಯವೇ ಆ ದೇಶದಲ್ಲಿರಲಿಲ್ಲ. ಹರಿಯಾಣಾದ ಕಂಪನಿಯೊಂದರ ನಾಲ್ಕು ಸಿರಪ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಮತ್ತು ಎಥಿಲೀನ್ ಗ್ಲೈಕಾಲ್ ಎಂಬ ವಿಷಗಳಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಕ್ಟೋಬರ್‌ನಲ್ಲಿ ಎಚ್ಚರಿಸಿತು. ಕಂಪನಿ ತಪ್ಪೊಪ್ಪಲಿಲ್ಲ. ನಮ್ಮ ಸರ್ಕಾರವೂ ತಾನು ಪರೀಕ್ಷಿಸಿದ ಮಾದರಿಗಳು ಸರಿಯಿವೆ ಎಂದಿತು.

ಇವು ಕಾರ್ಖಾನೆ, ವಾಹನಗಳಲ್ಲಿ ಬಳಸುವ ಸಿಹಿ ದ್ರವಗಳು. ಸಿರಪ್‌ಗೆ ಬೇಕಾದ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್‌ಗಳನ್ನು ಅಗ್ಗಕ್ಕೆ ಕೊಂಡು, ಪರೀಕ್ಷಿಸದೆ ಸುರಿದರೆ ಅವುಗಳ ಜೊತೆ ಸೇರಿಬಿಡುತ್ತವೆ. ಹೊಸ ಸಂಗತಿಯೇನಲ್ಲ. 1937ರಲ್ಲಿ ಅಮೆರಿಕದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಔಷಧದಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಅಲ್ಲಿ ಕಟ್ಟುನಿಟ್ಟಿನ ಕಾನೂನು ಬಂತು.

ವಿದೇಶಿ ಕಂಪನಿಗಳು ಬಡವರನ್ನು ಸುಲಿಯುತ್ತವೆಂದು ನಾವು ಬೈಯುತ್ತ ಬಂದವರು. ಅದರಲ್ಲಿ ಸತ್ಯವೂ ಇದೆ. 2001ರಲ್ಲಿ ಏಡ್ಸ್ ಔಷಧವನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡಲು ಮುಂದಾದದ್ದು ಮುಂಬೈಯ ಸಿಪ್ಲಾ. ಇಂಥ ಕೆಲಸದಿಂದ ಬಂದ ಹೆಸರನ್ನು ನಂಬಿಯೇ ಬಡ ದೇಶಗಳು ನಮ್ಮ ಬಾಟಲಿ ಕೊಳ್ಳುತ್ತವೆ. ಕೊಳ್ಳುವವನಿಗೆ ಪರೀಕ್ಷಿಸುವ ಶಕ್ತಿ ಇಲ್ಲದಿದ್ದಾಗ ತಯಾರಕನ ಹೊಣೆ ಇಮ್ಮಡಿಯಾಗಬೇಕು. ‘ಅಗ್ಗವಾಗಿ ಕೊಟ್ಟೆನಲ್ಲ’ ಎನ್ನುವುದು ಜವಾಬಲ್ಲ.

ಈ ಮಾತು ನಮ್ಮ ದೇಶದ ಬಡವರಿಗೂ ಸಲ್ಲುತ್ತದೆ. 2023ರ ಜೂನ್ 1ರಿಂದ ರಫ್ತಾಗುವ ಕೆಮ್ಮಿನ ಸಿರಪ್‌ಗೆ ಸರ್ಕಾರಿ ಪ್ರಯೋಗಾಲಯದ ಪರೀಕ್ಷೆ ಕಡ್ಡಾಯವಾಯಿತು. ಇಲ್ಲಿ ಮಾರುವುದಕ್ಕೆ ಆ ಜರಡಿ ಹಿಡಿಯಲಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆಯ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತಮಿಳುನಾಡಿನಲ್ಲಿ ತಯಾರಾದ ಸಿರಪ್ ಕುಡಿದು ಸತ್ತರು. ಅದರಲ್ಲಿ ಶೇ. 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಇತ್ತು. ಚೀಟಿ ಬರೆದ ವೈದ್ಯರೊಬ್ಬರನ್ನೂ ಬಂಧಿಸಿದರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನೂ ಲೇಬಲ್ ನಂಬಿ ಬರೆದುಕೊಟ್ಟವನೇ.

ಎರಡು ವರ್ಷದೊಳಗಿನ ಮಗುವಿಗೆ ಕೆಮ್ಮಿನ ಸಿರಪ್ ಬೇಡವೇ ಬೇಡ. ಐದರವರೆಗೂ ಸಾಮಾನ್ಯವಾಗಿ ಅಗತ್ಯವಿಲ್ಲ. ಬಹುಪಾಲು ನೆಗಡಿ, ಕೆಮ್ಮು ತಾನಾಗಿಯೇ ಇಳಿಯುತ್ತದೆ. ಸಿರಪ್ ಕುಡಿದ ಮಗುವಿಗೆ ವಾಂತಿ ಶುರುವಾಗಿ ಮೂತ್ರ ಕಡಿಮೆಯಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಬಾಟಲಿ ಎಸೆಯದೆ ಜೊತೆಗೆ ತನ್ನಿ. ಬ್ಯಾಚ್ ನಂಬರ್ ಇರುವುದು ಅದರ ಮೇಲೆಯೇ.